ಕಾಳಿ ಅಳಿವೆಯಲ್ಲಿ ಒಂದೇ ಗಾಳಿ: ಐದರ ವಿಂಗ್‌ನಲ್ಲಿ ಎದ್ದೆ, ಆರರಲ್ಲಿ ಏಳಲಿಲ್ಲ. ತಪ್ಪು ಸಾಮಾನಿನದೇ?

ಕಾಳಿದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ವಿಂಗ್ ಫಾಯಿಲಿಂಗ್ ಕಲಿಯಲು ತೊಡಗಿ ಇದು ನಾಲ್ಕನೆಯ ತಿಂಗಳು. ಬೋರ್ಡ್ ನೀರು ಬಿಟ್ಟು ಮೇಲೆದ್ದರೆ ಇನ್ನೂರು ಮುನ್ನೂರು ಮೀಟರ್ ಸಾಗುತ್ತೇನೆ, ತಿರುಗುವಾಗ ಹತ್ತರಲ್ಲಿ ಎಂಟು ಸಲ ಬೀಳುತ್ತೇನೆ. ಇಷ್ಟು ದಿನ ಗೋವಾದಲ್ಲಿರುವ ಗೆಳೆಯರ ಹಳೆಯ ಸಾಮಾನಿನಲ್ಲೇ ಅಭ್ಯಾಸ ನಡೆದಿತ್ತು. ಈಗ ಸ್ವಂತಕ್ಕೆ ಕೊಳ್ಳುವ ವಿಚಾರವಿರುವುದರಿಂದ, ಕಳೆದ ಭಾನುವಾರ, ಅಂದರೆ ಅಮಾವಾಸ್ಯೆಯ ಹಿಂದಿನ ದಿನ, ಅವರು ಬೇರೆ ಬೇರೆ ಅಳತೆಯ ವಿಂಗ್ ಮತ್ತು ರೆಕ್ಕೆಗಳನ್ನು ಕಾರಿನ ಮೇಲೆ ಕಟ್ಟಿಕೊಂಡು, ಕಾರವಾರದ ಹತ್ತಿರ ಕಾಳಿ ನದಿ ಕಡಲು ಸೇರುವಲ್ಲಿರುವ ಕೋಡಿಬಾಗಕ್ಕೆ ಬಂದಿದ್ದರು.

ಈ ಆಟ ನೋಡದವರಿಗಾಗಿ ಎರಡು ಮಾತು. ವಿಂಗ್ ಎಂದರೆ ಗಾಳಿ ತುಂಬಿ ಕೈಯಲ್ಲಿ ಹಿಡಿಯುವ ಪಟ, ಅದಕ್ಕೂ ಬೋರ್ಡಿಗೂ ಯಾವ ಕಟ್ಟೂ ಇರುವುದಿಲ್ಲ. ಬೋರ್ಡಿನ ಅಡಿಗೆ ಮಾಸ್ಟ್ ಎಂಬ ಕಂಬ, ಅದರ ತುದಿಗೆ ಪುಟ್ಟ ವಿಮಾನದಂತೆ ಮುಂದೊಂದು ಹಿಂದೊಂದು ರೆಕ್ಕೆ ಇರುತ್ತವೆ. ಈ ಕಂಬ, ರೆಕ್ಕೆಗಳನ್ನು ಒಟ್ಟಾಗಿ ಫಾಯಿಲ್ ಎನ್ನುತ್ತಾರೆ. ವೇಗ ಸಾಕಷ್ಟಾದಾಗ ಆ ಮುಂದಿನ ರೆಕ್ಕೆಯೇ ಆಳನ್ನೂ ಬೋರ್ಡನ್ನೂ ನೀರಿನಿಂದ ಮೇಲಕ್ಕೆತ್ತುತ್ತದೆ.

ನನ್ನ ತೂಕ 76 ಕಿಲೋ. ಬೋರ್ಡ್ 105 ಲೀಟರಿನದು, ಅಲ್ಯೂಮಿನಿಯಂ ಮಾಸ್ಟ್ 75 ಸೆಂಟಿಮೀಟರ್, ಮುಂದಿನ ರೆಕ್ಕೆ 1500 ಚದರ ಸೆಂಟಿಮೀಟರ್. ಮಧ್ಯಾಹ್ನ ಎರಡೂಮುಕ್ಕಾಲರಿಂದ ಮೂರೂಮುಕ್ಕಾಲರವರೆಗೆ ಐದು ಚದರ ಮೀಟರಿನ ವಿಂಗ್ ಹಿಡಿದು ಅಳಿವೆಯ ಬಾಯಲ್ಲಿ ಆಡಿದೆ. ನೀರು ಒರಟಾಗಿತ್ತು, ಗಿಡ್ಡ ಅಲೆಗಳು ಒತ್ತೊತ್ತಾಗಿ ಬಂದು ಮೊಣಕಾಲಿಗೆ ಬಡಿಯುತ್ತಿದ್ದವು. ಆದರೂ ನಾಲ್ಕನೆಯ ಯತ್ನಕ್ಕೇ ಎದ್ದೆ, ಆಮೇಲೆ ಏಳುವುದು ಕಷ್ಟವೆನಿಸಲಿಲ್ಲ. ಹೊರಟ ಜಾಗಕ್ಕೇ ಮರಳಿ ಬರುತ್ತಿದ್ದೆ, ಒಮ್ಮೆಯಂತೂ ದೇವಬಾಗದ ಗಾಳಿಮರಗಳ ಕಡೆಗೆ, ಗಾಳಿ ಬರುವ ದಿಕ್ಕಿಗೇ ಸಾಕಷ್ಟು ಮೇಲೆ ಹೋಗಿದ್ದೆ.

ಚಹಾ ಕುಡಿದು, ನಾಲ್ಕೂವರೆಗೆ ಬೇರೆ ಕಂಪನಿಯ ಆರು ಚದರ ಮೀಟರಿನ ಹೊಸ ವಿಂಗ್ ಹಿಡಿದು ಇಳಿದೆ, ಉಳಿದದ್ದೆಲ್ಲ ಅದೇ. ನೀರು ಈಗ ಕೆರೆಯಂತೆ ಸಪಾಟಾಗಿದ್ದುದರಿಂದ ಇನ್ನೂ ಸುಲಭವಾದೀತೆಂದು ಸಂತೋಷಪಟ್ಟಿದ್ದೆ. ಮುಕ್ಕಾಲು ಗಂಟೆ ತೋಳು ಸೋಲುವವರೆಗೆ ಬೀಸಿದರೂ ಒಮ್ಮೆಯೂ ಏಳಲಿಲ್ಲ. ಅಷ್ಟೇ ಅಲ್ಲ, ನೋಡನೋಡುತ್ತ ನದಿಯ ಒಳಗೆ, ಸೇತುವೆಯ ಕಡೆಗೆ ಸರಿದುಹೋಗಿ, ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಕೆಸರಿನಲ್ಲಿ ನಡೆದುಕೊಂಡು ಬರಬೇಕಾಯಿತು. ಕೊನೆಯ ಹದಿನೈದು ನಿಮಿಷ ಗೆಳೆಯರು 1900ರ ಮುಂದಿನ ರೆಕ್ಕೆ ಕೂರಿಸಿಕೊಟ್ಟಾಗ ಎರಡು ಸಲ ಎದ್ದೆ.

ದಡದಲ್ಲಿ ಗಾಳಿಮಾಪಕ ಹಿಡಿದು ಎರಡೂ ಹೊತ್ತು ನೋಡಿದ್ದೇವೆ. 12ರಿಂದ 14 ನಾಟ್, ಹೆಚ್ಚು ಹೊತ್ತು 13 (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಹಾಗಾದರೆ ಆ ಆರರ ವಿಂಗ್ ಕಳಪೆಯದೇ? ನಾನು ಏಳರದ್ದನ್ನೇ ಕೊಳ್ಳಬೇಕೇ? ಒಂದು ವಿಂಗ್‌ನ ದುಡ್ಡಿಗೆ ಹಳೆಯ ಬೈಕ್ ಬರುತ್ತದೆ, ಎರಡು ಸಲ ತಪ್ಪು ಮಾಡುವ ಶಕ್ತಿ ನನಗಿಲ್ಲ. ಇನ್ನೊಂದು ಮಾತು: ಗೆಳೆಯರು ತಮ್ಮ ಹಳೆಯ ಮಾಸ್ಟ್ ಮತ್ತು ಐದರ ವಿಂಗನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಗಾಳಿಮರ

ತಾವು ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ಮೊದಲು ನನಗೆ ಅನುಮಾನ ಬರುವುದು ವಿಂಗ್‌ಗೆ ತುಂಬಿದ ಗಾಳಿಯ ಮೇಲೆ. ದೊಡ್ಡ ವಿಂಗ್‌ನ ಮುಂಗೊಳವೆ ಉದ್ದವಾಗಿರುವುದರಿಂದ ಸ್ವಲ್ಪ ಸಡಿಲವಿದ್ದರೂ ನಡುವೆ ಬಾಗಿ, ಎಳೆತವೆಲ್ಲ ಆ ಬಾಗುವಿಕೆಯಲ್ಲೇ ಸೋರಿಹೋಗುತ್ತದೆ. ಕೊಳವೆಯ ಮೇಲೆ ಎಷ್ಟು ಒತ್ತಡವೆಂದು ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ ಆರರಿಂದ ಎಂಟು ಪಿಎಸ್‌ಐ. ಪಂಪಿನ ಮುಳ್ಳು ಅಲ್ಲಿಗೆ ಬರುವ ಮೊದಲೇ ಕೈ ಸೋತು ಬಿಟ್ಟುಬಿಡುವವರೇ ಹೆಚ್ಚು. ಎರಡನೆಯದಾಗಿ, ಆರರ ವಿಂಗ್‌ನ ತುದಿಗಳು ಅಗಲವಾಗಿ ಚಾಚಿರುತ್ತವೆ. ಬೋರ್ಡಿನ ಮೇಲೆ ಮಂಡಿಯೂರಿರುವಾಗ ಕೆಳತುದಿ ನೀರಿಗೆ ತಾಗಿದರೆ ಬೀಸುವುದಕ್ಕೇ ಆಗುವುದಿಲ್ಲ. ಮೂರನೆಯದು ಎಲ್ಲರಿಗೂ ಗೊತ್ತಿರುವ ಸಂಗತಿ, ಎರಡನೆಯ ಗಂಟೆಯ ತೋಳು ಮೊದಲ ಗಂಟೆಯ ತೋಳಲ್ಲ.

ಮುಂದಿನ ರೆಕ್ಕೆಯ ವಿಷಯದಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇಲ್ಲ. ಎತ್ತುವ ಬಲವು ರೆಕ್ಕೆಯ ವಿಸ್ತಾರಕ್ಕೆ ನೇರ ಅನುಪಾತದಲ್ಲೂ ವೇಗದ ವರ್ಗಕ್ಕೆ ಅನುಪಾತದಲ್ಲೂ ಹೆಚ್ಚುವುದರಿಂದ, ಆಕಾರ ಒಂದೇ ಬಗೆಯದಾಗಿದ್ದರೆ 1500ರ ಬದಲು 1900 ಹಾಕಿದಾಗ ಏಳಲು ಬೇಕಾದ ವೇಗ ನೂರಕ್ಕೆ ಹನ್ನೊಂದರಷ್ಟು ಇಳಿಯುತ್ತದೆ. ಕಲಿಯುವವನು ಏಳುವುದಕ್ಕೂ ಏಳದಿರುವುದಕ್ಕೂ ನಡುವಿನ ಅಂತರ ಇಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವಿಂಡ್‌ಸರ್ಫಿಂಗ್ ಮತ್ತು ಕೈಟ್ ಸ್ಪರ್ಧೆಗಳೆರಡೂ ಮಾರ್ಸೇಯ ಕಡಲಿನಲ್ಲಿ ಫಾಯಿಲ್ ಮೇಲೆಯೇ ನಡೆದವು. ಅವನ್ನು ಮೊಬೈಲಿನಲ್ಲಿ ನೋಡಿ ನಮ್ಮ ಹುಡುಗರು ಸಣ್ಣ ಸಪೂರ ರೆಕ್ಕೆ ಕೊಂಡುಕೊಂಡು, ಇಡೀ ಮಾರ್ಚ್ ತಿಂಗಳು ನೀರಿನಲ್ಲಿ ಕೂತು ಕಳೆದದ್ದನ್ನು ನಾನು ಕಂಡಿದ್ದೇನೆ.

ಮಾಜಾಳಿ ದೋಣಿ

ನಾನು ಈ ಬೋರ್ಡ್ ಏರಿದವನಲ್ಲ. ನಮ್ಮದು ಮೀನುಗಾರಿಕೆಯ ಮನೆ. ಮಗ ಈ ಚರ್ಚೆಯನ್ನು ಓದಿ ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಮಾ, ನೀನು ಗಾಳಿಯನ್ನು ಅಳೆದೆ, ವಿಂಗನ್ನು ಅಳೆದೆ, ರೆಕ್ಕೆಯನ್ನು ಅಳೆದೆ. ನೀನು ಆಡುತ್ತಿದ್ದ ನೀರೇ ನಡೆಯುತ್ತಿತ್ತು ಎಂಬುದನ್ನು ಮಾತ್ರ ಬಿಟ್ಟೆ.

ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನಮ್ಮ ಅಳಿವೆಯಲ್ಲಿ ಭರತ, ಅಂದರೆ ಕಡಲಿನ ಉಬ್ಬರ, ಬೆಳಗಿನ ಹೊತ್ತು ಮುಗಿದು, ಮಧ್ಯಾಹ್ನವಿಡೀ ನೀರು ಇಳಿಯುತ್ತದೆ. ನಮ್ಮ ಮನೆಮಾತಿನಲ್ಲಿ ಇದನ್ನೇ ಭರ್ತಿ, ಸುಕ್ತಿ ಎನ್ನುತ್ತೇವೆ. ನೀನು ಹೇಳಿದ ದಿನ ನಾಲ್ಕು ಗಂಟೆಯ ಸುಮಾರಿಗೆ ಇಳಿತ ನಿಂತು ಮತ್ತೆ ಭರತ ಹಿಡಿದಿದೆ, ಅಂದರೆ ನೀನು ಚಹಾ ಕುಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ. ಅದಕ್ಕೆ ಸಾಕ್ಷಿಯನ್ನು ನೀನೇ ಬರೆದಿದ್ದೀಯಾ. ಮೊದಲ ಗಂಟೆಯಲ್ಲಿ ಗಿಡ್ಡ ಅಲೆ ಒತ್ತೊತ್ತಾಗಿ ಎದ್ದದ್ದು ಯಾಕೆ? ಪಡುವಣದಿಂದ ಗಾಳಿ ಒಳಗೆ ನುಗ್ಗುತ್ತಿತ್ತು, ಕಾಳಿಯ ನೀರು ಹೊರಗೆ ಹೋಗುತ್ತಿತ್ತು. ಎರಡೂ ಎದುರಾದರೆ ನೀರು ಹಾಗೆಯೇ ಎದ್ದು ಕುಣಿಯುತ್ತದೆ. ನಾಲ್ಕೂವರೆಗೆ ಅದು ಕೆರೆಯಂತಾದದ್ದು ಗಾಳಿಯೂ ನೀರೂ ಒಂದೇ ದಿಕ್ಕಿಗೆ ಹೊರಟಿದ್ದರಿಂದ. ಮೊದಲು ನಿನ್ನನ್ನು ದೇವಬಾಗದ ಕಡೆಗೆ ಮೇಲೆ ಒಯ್ದದ್ದೂ ಆ ನೀರೇ, ಆಮೇಲೆ ಸೇತುವೆಯ ಕಡೆಗೆ ಒಯ್ದದ್ದೂ ಆ ನೀರೇ. ಗಾಳಿಯ ದಿಕ್ಕಿಗೇ ಓಡುವ ಲಾರಿಯ ಮೇಲೆ ನಿಂತವನಿಗೆ ಗಾಳಿ ಎಷ್ಟು ತಾಗೀತು? ಬೈತಖೋಲ ಬಂದರಿನಿಂದ ಹಾಯಿ ಬಿಚ್ಚಿ ಬರುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಹೇಳಿಕೊಡದೆ ಗೊತ್ತಿತ್ತು.

ನಂಬಿಕೆ ಬಾರದಿದ್ದರೆ ಒಂದು ಒಣ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ನೀರಿಗೆ ಬಿಟ್ಟು ನೋಡು. ಅದು ಸಾಕಷ್ಟು ಮುಳುಗಿ ತೇಲುವುದರಿಂದ ಗಾಳಿಗೆ ಹೆಚ್ಚು ಸಿಗುವುದಿಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ದಾರಿ ಹೋಯಿತೆಂದು ದಡದ ಮೇಲೆ ಅದರ ಜೊತೆಗೇ ನಡೆದು ಎಣಿಸು. ಇನ್ನೊಮ್ಮೆ ಪರೀಕ್ಷೆ ಮಾಡುವುದಿದ್ದರೆ ಮುಂದಿನ ಭಾನುವಾರವೇ ಬರಬೇಡ. ಭರತ ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುವುದರಿಂದ, ವಾರ ಕಳೆದು ಅಷ್ಟಮಿಯ ಹೊತ್ತಿಗೆ ಅದೇ ಗಂಟೆಯಲ್ಲಿ ನೀರು ತಲೆಕೆಳಗಾಗಿರುತ್ತದೆ, ಸೆಳವೂ ಸಡಿಲವಾಗಿರುತ್ತದೆ. ಹದಿನಾಲ್ಕು ದಿನ ಬಿಟ್ಟು ಬಾ, ಆಗ ಇದೇ ನೀರು ಇದೇ ಹೊತ್ತಿಗೆ ಸಿಗುತ್ತದೆ.

ಗಾಳಿಮರ

ದೋಣಿಯ ಹಿರಿಯರಿಗೆ ನಮಸ್ಕಾರ. ನಾನು ಒತ್ತಡ, ತೋಳು ಎಂದೆಲ್ಲ ಬರೆದದ್ದು ತಪ್ಪಲ್ಲದಿದ್ದರೂ ಈ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅವರು ಹೇಳಿದ್ದನ್ನು ಅಂಕಿಗಳಲ್ಲಿ ಇಟ್ಟು ನೋಡಿದಾಗ ನನಗೇ ಆಶ್ಚರ್ಯವಾಯಿತು.

ದಡದ ಮಾಪಕ ತೋರಿಸುವುದು ನೆಲದ ಮೇಲಿನ ಗಾಳಿಯನ್ನು, ವಿಂಗ್‌ಗೆ ಮತ್ತು ಫಾಯಿಲ್‌ಗೆ ಲೆಕ್ಕಕ್ಕೆ ಬರುವುದು ನೀರಿಗೆ ಹೋಲಿಸಿದ ಗಾಳಿ. ಅಳಿವೆಯ ಸೆಳವು ಒಂದೇ ಒಂದು ನಾಟ್ ಎಂದು ಹಿಡಿಯೋಣ, ಅಂದರೆ ನಿಮಿಷಕ್ಕೆ ಸುಮಾರು 31 ಮೀಟರ್. ಇಳಿತದಲ್ಲಿ ಅದು ಗಾಳಿಗೆ ಎದುರಾಗಿರುವುದರಿಂದ 13 ನಾಟ್ ಗಾಳಿ 14 ಆಗುತ್ತದೆ, ಭರತದಲ್ಲಿ ಜೊತೆಗೆ ಹೋಗುವುದರಿಂದ 12 ಆಗುತ್ತದೆ. ವಿಂಗ್‌ನ ಎಳೆತವೂ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ 14ರ ವರ್ಗ 196ನ್ನು 12ರ ವರ್ಗ 144ರೊಂದಿಗೆ ಹೋಲಿಸಬೇಕು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಇಳಿತದಲ್ಲಿ ತಾವು ಹಿಡಿದ ಐದರ ವಿಂಗ್ ಎಳೆದಷ್ಟೇ ಎಳೆತ ಭರತದಲ್ಲಿ ಬೇಕಾಗಿದ್ದರೆ 6.8 ಚದರ ಮೀಟರಿನ ವಿಂಗ್ ಬೇಕಿತ್ತು, ತಮ್ಮ ಕೈಯಲ್ಲಿದ್ದದ್ದು ಆರರದ್ದು. ಆದ್ದರಿಂದ ಆ ಪಾಪದ ವಿಂಗನ್ನು ಕಳಪೆ ಎನ್ನುವುದು ಅನ್ಯಾಯ.

ಇನ್ನೊಂದು ಬಗೆಯಲ್ಲಿ ನೋಡಿ. ಐದರಿಂದ ಆರಕ್ಕೆ ಹೋದರೆ ಸಿಗುವ ಹೆಚ್ಚಿನ ಎಳೆತ ನೂರಕ್ಕೆ ಇಪ್ಪತ್ತು. ಗಾಳಿ 13ರಿಂದ 14ಕಾಲು ನಾಟ್‌ಗೆ ಏರಿದರೂ ಅಷ್ಟೇ ಸಿಗುತ್ತದೆ. ನಮ್ಮಲ್ಲಿ ಕಡಲಗಾಳಿ ಮಧ್ಯಾಹ್ನದ ಊಟದ ಹೊತ್ತಿಗೆ ಶುರುವಾಗಿ, ನೆಲ ಚೆನ್ನಾಗಿ ಕಾದ ಮೇಲೆ ಬಲಿಯುತ್ತದೆ, ಹೊತ್ತು ಇಳಿದಂತೆ ಪಡುವಣದಿಂದ ವಾಯವ್ಯಕ್ಕೆ ತಿರುಗುತ್ತ ಹೋಗುತ್ತದೆ. ಅರ್ಧ ಗಂಟೆ ಗಾಳಿಮರದ ನೆರಳಿನಲ್ಲಿ ಕಾದರೆ ಬರಬಹುದಾದದ್ದನ್ನು ಒಂದು ಚದರ ಮೀಟರ್ ಬಟ್ಟೆಯ ರೂಪದಲ್ಲಿ ದುಡ್ಡು ಕೊಟ್ಟು ತರಬೇಕೇ ಎಂದು ಯೋಚಿಸಿ.

ಆದರೆ ಎಚ್ಚರಿಕೆಯ ಮಾತೊಂದನ್ನು ಸೇರಿಸದಿದ್ದರೆ ನಾವೆಲ್ಲ ತಪ್ಪಿತಸ್ಥರಾಗುತ್ತೇವೆ. ಇಳಿತದ ನೀರು ಏಳಲು ನೆರವಾಗುತ್ತದೆ ಎಂದು ಓದಿದ ಹೊಸಬರು ಅದನ್ನೇ ಹುಡುಕಿಕೊಂಡು ಅಳಿವೆಗೆ ಹೋಗಬಾರದು. ಗಾಳಿ ಇರುವವರೆಗೆ ಅದು ನೆರವು, ಗಾಳಿ ಬಿದ್ದ ಕ್ಷಣದಿಂದ ಅದೇ ನೀರು ನಿಮ್ಮನ್ನು ಕೂರ್ಮಗಡ ದ್ವೀಪದ ಕಡೆಗೆ ಹೊರಗೆ ಒಯ್ಯುತ್ತದೆ. ಕಡಲಗಾಳಿಯಾದರೋ ಸೂರ್ಯ ಮುಳುಗುವ ಹೊತ್ತಿಗೆ ಸಾಯುವಂಥದ್ದು. ಭರತದಲ್ಲಿ ಸೋತವನು ಕೆಸರಿನಲ್ಲಿ ನಡೆದು ಬರುತ್ತಾನೆ, ಇಳಿತದಲ್ಲಿ ಸೋತವನಿಗೆ ನಡೆಯಲು ನೆಲವಿರುವುದಿಲ್ಲ. ಭರತದಲ್ಲೂ ಸೇತುವೆಯ ಕಂಬಗಳ ಹತ್ತಿರ ಸುಳಿಯಬೇಡಿ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಜಾಗವದು.

ಏಕಾಂಗಿಯಾಗಿ ಅಭ್ಯಾಸ ಮಾಡುವವರಿಗೆ ಟ್ಯಾಗೋರ್ ಕಡಲತೀರವೇ ವಾಸಿ, ಅಲ್ಲಿ ನದಿಯ ಸೆಳವು ಅಷ್ಟಾಗಿ ತಾಗುವುದಿಲ್ಲ. ವಾಯವ್ಯದ ಗಾಳಿ ಓರೆಯಾಗಿ ದಡಕ್ಕೇ ತಳ್ಳುತ್ತದೆ. ತಳ್ಳುತ್ತ ತಳ್ಳುತ್ತ ದಕ್ಷಿಣಕ್ಕೆ, ಬೈತಖೋಲದ ಬಂದರಿನ ಕಡೆಗೂ ಒಯ್ಯುತ್ತದೆ. ಆದ್ದರಿಂದ ಉತ್ತರದ ತುದಿಯಿಂದ ಹೊರಟು, ಅರ್ಧ ದಾರಿಯಲ್ಲೇ ದಡ ಹತ್ತಿ ನಡೆದು ಹಿಂದಿರುಗುವುದು ಜಾಣತನ. ಬಂದರಿನಲ್ಲಿ ಹಡಗು ದೋಣಿಗಳ ಓಡಾಟವಿದೆ, ಅದರಾಚೆ ಅರ್ಗಾದ ಕಡೆ ನೌಕಾನೆಲೆಯ ನೀರು. ಅಲ್ಲಿಗೆ ತೇಲಿಹೋಗಿ ವಿವರಣೆ ಕೊಡುವ ಪ್ರಸಂಗ ಯಾರಿಗೂ ಬೇಡ. ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆ ಬಿಟ್ಟ ದಿನ ಆ ಭಾಗಕ್ಕೆ ಇಳಿಯಲೇಬಾರದು. ಫಾಯಿಲ್‌ನ ಅಂಚು ಬಲೆಯನ್ನೂ ಕೊಯ್ಯುತ್ತದೆ, ಕಾಲನ್ನೂ ಕೊಯ್ಯುತ್ತದೆ.

ಘಟ್ಟದ ಮೇಲಿನವ

ಹಳೆಯ ಮಾಸ್ಟ್ ಕೊಳ್ಳುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನನ್ನ ಅನುಭವ ಬರೆಯುತ್ತೇನೆ. ನಾನು ಶಿರಸಿಯವನು, ವರ್ಷಕ್ಕೆ ಏಳೆಂಟು ಭಾನುವಾರ ಮಾತ್ರ ದೇವಿಮನೆ ಘಟ್ಟ ಇಳಿದು ಕಡಲಿಗೆ ಬರುವವನು. ಮೊದಲ ವರ್ಷ ಮೇ ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಹಾಗೆಯೇ ಚೀಲಕ್ಕೆ ತುಂಬಿ, ಅಟ್ಟದ ಮೇಲೆ ಅಡಿಕೆ ಚೀಲಗಳ ಪಕ್ಕದಲ್ಲಿ ಇಟ್ಟೆ. ದೀಪಾವಳಿ ಕಳೆದು ತೆಗೆದಾಗ ವಿಂಗ್‌ನ ಬಿಳಿ ಬಟ್ಟೆಯ ಮೇಲೆ ಬೂಷ್ಟು ಹಿಡಿದು ಹುಲಿಚಿರತೆಯ ಚರ್ಮದಂತಾಗಿತ್ತು. ಅದು ಬರೀ ನೋಟದ ದೋಷ, ಹಾರಾಟಕ್ಕೆ ತೊಂದರೆಯಾಗಲಿಲ್ಲ. ನಿಜವಾದ ಕೇಡು ಆದದ್ದು ಮಾಸ್ಟ್‌ಗೆ. ಸ್ಟೀಲ್ ಬೋಲ್ಟ್‌ಗಳು ಅಲ್ಯೂಮಿನಿಯಂನೊಳಗೆ ಕೂತಿರುವಾಗ ನಡುವೆ ಉಪ್ಪುನೀರು ಉಳಿದರೆ, ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂಥದ್ದೇ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಬೋಲ್ಟನ್ನು ಬೆಸುಗೆ ಹಾಕಿದಂತೆ ಹಿಡಿದುಕೊಳ್ಳುತ್ತದೆ. ನಾನು ಬಲವಂತ ಮಾಡಿದಾಗ ಬೋಲ್ಟ್ ತಿರುಗಲಿಲ್ಲ, ಅದರ ತಲೆ ಮಾತ್ರ ಸವೆದು ಗುಂಡಗಾಯಿತು.

ಆದ್ದರಿಂದ ಗೆಳೆಯರ ಮಾಸ್ಟನ್ನು ಕೊಳ್ಳುವ ಮೊದಲು, ತಮ್ಮ ಕಣ್ಣೆದುರಿಗೇ ಎಲ್ಲ ಬೋಲ್ಟ್‌ಗಳನ್ನೂ ಪೂರ್ತಿ ಬಿಚ್ಚಿ ತೋರಿಸಲು ಹೇಳಿ. ಸ್ನೇಹಕ್ಕೆ ಇದರಿಂದ ಕುಂದು ಬರುವುದಿಲ್ಲ. ಬೋಲ್ಟ್‌ನ ಬುಡದಲ್ಲಿ ಸುಣ್ಣದಂಥ ಬಿಳಿ ಪುಡಿ ಕಂಡರೆ ಒಳಗೂ ಹಾಗೆಯೇ ಇದೆ ಎಂದು ತಿಳಿಯಿರಿ. ಈಗ ನಾನು ಪ್ರತಿ ಸಲ ಆಟ ಮುಗಿದ ಮೇಲೆ ಮಾಸ್ಟನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಬೋಲ್ಟ್‌ಗಳಿಗೆ ದೋಣಿಯ ಇಂಜಿನ್‌ಗೆ ಬಳಸುವ ಗ್ರೀಸ್ ಹಚ್ಚಿಯೇ ಘಟ್ಟ ಹತ್ತುತ್ತೇನೆ. ಐದರ ವಿಂಗನ್ನು ಸಂಜೆ ಪೂರ್ತಿ ಗಾಳಿ ತುಂಬಿ ಒಂದು ರಾತ್ರಿ ಕೋಣೆಯಲ್ಲಿ ಬಿಡಿ. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಒಳಚೀಲ ಸರಿ ಇದೆ ಎಂದರ್ಥ.

ಕಾಳಿದಂಡೆ

ಎರಡು ವಾರ ಸುಮ್ಮನಿದ್ದುದಕ್ಕೆ ಕ್ಷಮೆಯಿರಲಿ, ಹಿರಿಯರು ಹೇಳಿದ ನೀರಿಗಾಗಿ ಕಾಯುತ್ತಿದ್ದೆ. ಮೊನ್ನೆ ಭಾನುವಾರ, ಹುಣ್ಣಿಮೆಯ ಮುನ್ನಾದಿನ, ಅದೇ ಗೆಳೆಯರನ್ನು ಕರೆಸಿಕೊಂಡು, ದಡದಲ್ಲಿ ಒಬ್ಬರನ್ನೂ ನೀರಿನಲ್ಲಿ ಒಂದು ದೋಣಿಯನ್ನೂ ಕಾವಲಿಗೆ ಇಟ್ಟುಕೊಂಡು, ಈ ಸಲ ಕ್ರಮವನ್ನು ಬೇಕೆಂದೇ ತಿರುಗಿಸಿದೆ. ಇಳಿತದಲ್ಲಿ ಆರರ ವಿಂಗ್, ಭರತದಲ್ಲಿ ಐದರದ್ದು.

ಮೂರು ಗಂಟೆಗೆ ತೆಂಗಿನಕಾಯಿ ಬಿಟ್ಟೆವು. ಮೊದಲು ಅದು ಒಂದೆರಡು ಸುತ್ತು ತಿರುಗಿ, ಆಮೇಲೆ ನೆಟ್ಟಗೆ ಕಡಲಿನ ಕಡೆಗೆ, ಎದುರಿನಿಂದ ಬರುತ್ತಿದ್ದ ಗಿಡ್ಡ ಅಲೆಗಳನ್ನು ಒಂದೊಂದಾಗಿ ಏರಿಳಿಯುತ್ತ ಹೊರಟಿತು. ಒಂದು ನಿಮಿಷಕ್ಕೆ ನಾನು ಐವತ್ತೆರಡು ಹೆಜ್ಜೆ ಎಣಿಸಿದೆ. ಬಳಚು (ಚಿಪ್ಪು) ಆರಿಸುತ್ತಿದ್ದ ಹೆಂಗಸರು ಕೈಕೆಲಸ ಬಿಟ್ಟು ನಮ್ಮನ್ನು ನೋಡಿ ನಗುತ್ತಿದ್ದರು. ಗಾಳಿ ಅಂದೂ 13ರ ಆಸುಪಾಸಿನಲ್ಲೇ ಇತ್ತು. ಕಳಪೆ ಎಂದು ನಾನು ದೂರಿದ್ದ ಆರರ ವಿಂಗ್ ಮೊದಲ ಯತ್ನಕ್ಕೇ ನನ್ನನ್ನು ಎತ್ತಿತು. ಎತ್ತಿದ ರಭಸಕ್ಕೆ ಮುಂದಿನ ರೆಕ್ಕೆ ನೀರಿನಿಂದ ಹೊರಬಂದು ಬೋರ್ಡ್ ಧೊಪ್ಪೆಂದು ಬಿದ್ದು, ನನ್ನ ಮುಖಕ್ಕೆ ವಿಂಗ್ ಬಡಿಯಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಒಟ್ಟಿನಲ್ಲಿ ಅದು ನನಗೆ ಆ ಹೊತ್ತಿಗೆ ಹೆಚ್ಚೇ ಆಗಿತ್ತು.

ನೀರು ತಿರುಗಿ ಭರತ ಬಲಿತ ಮೇಲೆ, ಐದು ಗಂಟೆಗೆ ಐದರ ವಿಂಗ್ ಹಿಡಿದೆ. 1500ರ ರೆಕ್ಕೆಯಲ್ಲಿ ಹತ್ತು ಯತ್ನಕ್ಕೆ ಒಮ್ಮೆಯೂ ಏಳಲಿಲ್ಲ. ಅದೇ ವಿಂಗ್‌ಗೆ 1900ರ ರೆಕ್ಕೆ ಹಾಕಿದಾಗ ಹತ್ತರಲ್ಲಿ ಮೂರು ಸಲ ಎದ್ದೆ. ತೋಳಿನ ಸುಸ್ತನ್ನು ಲೆಕ್ಕಕ್ಕೆ ಹಿಡಿದರೂ ನನಗೆ ಇದು ಸಾಕು. ಆರರದ್ದೂ ಬೇಡ, ಏಳರದ್ದೂ ಬೇಡ, ಗೆಳೆಯರ ಐದರ ವಿಂಗ್ ಮತ್ತು 1900ರ ರೆಕ್ಕೆಯನ್ನು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ವಿಂಗನ್ನು ಒಂದು ರಾತ್ರಿ ಊದಿಟ್ಟು ನೋಡಿದೆ, ಬೆಳಿಗ್ಗೆ ಇಟ್ಟಂತೆಯೇ ಇತ್ತು. ಇನ್ನು ಅಭ್ಯಾಸ ಅಳಿವೆಯಲ್ಲಲ್ಲ, ಟ್ಯಾಗೋರ್ ತೀರದ ಉತ್ತರ ತುದಿಯಲ್ಲಿ.

ಮಾಸ್ಟ್ ಒಂದು ಮಾತ್ರ ಇತ್ಯರ್ಥವಾಗಿಲ್ಲ. ಶಿರಸಿಯವರು ಹೇಳಿದಂತೆ ಬೋಲ್ಟ್ ಬಿಚ್ಚಿ ತೋರಿಸಲು ಕೇಳಿದಾಗ ಗೆಳೆಯರು ನಗುತ್ತಲೇ ಕೈಹಾಕಿದರು. ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಎಣ್ಣೆ ಬಿಟ್ಟು ಇಂದಿಗೆ ಮೂರು ದಿನವಾಯಿತು. ಮಾಸ್ಟ್ ಈಗ ನಮ್ಮ ಜಗಲಿಯ ಮೇಲೆ ಮಲಗಿದೆ, ಗೆಳೆಯರು ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಬಿಸಿನೀರು ಹೊಯ್ದರೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಹಿಡಿತ ಸಡಿಲವಾದೀತು ಎಂದು ಒಬ್ಬರು ಹೇಳಿದ್ದಾರೆ. ಘಟ್ಟದ ಮೇಲಿನವರು ಅದನ್ನು ಮಾಡಿ ನೋಡಿದ್ದರೆ ದಯವಿಟ್ಟು ತಿಳಿಸಬೇಕು.

ಘಟ್ಟದ ಮೇಲಿನವ

ಮಾಡಿದ್ದೇನೆ. ಕುದಿಯುವ ನೀರನ್ನು ಬೋಲ್ಟ್‌ನ ತಲೆಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂಗೆ ನಿಧಾನವಾಗಿ ಹೊಯ್ಯಿರಿ. ತಣಿಯುವ ಮೊದಲೇ ಉದ್ದ ಹಿಡಿಯ ಪಾನಾದಿಂದ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಬಿಚ್ಚಲು ನೋಡಿ. ನನ್ನದರಲ್ಲಿ ಮೂರನೆಯ ಸಲಕ್ಕೆ ಸಡಿಲವಾಯಿತು. ತಲೆ ಸವೆಯತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಲೇತ್ ಇರುವವರ ಬಳಿಗೆ ಒಯ್ಯಿರಿ.